"ಕಾದಂಬರಿ ಬಗ್ಗೆ ಉಪನ್ಯಾಸ": ಹಿಂದಿಯವನ ಕಿವಿಗೆ ಇದು ಹೇಗೆ ಕೇಳಿಸಿತು ಗೊತ್ತಾ?

ಕತ್ರಿಗುಪ್ಪೆ ಓದುಗ

ಹೋದ ಶನಿವಾರದ ಕಥೆ. ನಮ್ಮ ಆಫೀಸಿನಲ್ಲಿ ಕಾನ್ಪುರದ ಹುಡುಗನೊಬ್ಬ ಇದ್ದಾನೆ. ಬಸ್ಸಿನ ಬೋರ್ಡು ಓದುವಷ್ಟು ಕನ್ನಡ ಅಕ್ಷರ ಕಲಿತಿದ್ದಾನೆ, ಈಗ ಕಂಡಕಂಡ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದುವ ಚಟ. ಬಸವನಗುಡಿಯಲ್ಲಿ ಕಾಫಿ ಕುಡಿಯುತ್ತಾ ನಿಂತಿದ್ದಾಗ ಎದುರಿನ ಬ್ಯಾನರ್ ಕೂಡಿಸಿ ಓದಿದ: "ಕನ್ನಡ ಕಾದಂಬರಿಯ ಹೆಣ್ಣುಗಳು. ವಿಶೇಷ ಉಪನ್ಯಾಸ. ಸಂಜೆ 5ಕ್ಕೆ."

ಓದಿ ನನ್ನನ್ನೇ ನೋಡಿದ. "ಕಾದಂಬರಿ ಬಾಣಭಟ್ಟನ ಪುಸ್ತಕ ಅಲ್ಲವಾ? ಕನ್ನಡದ ಕಾದಂಬರಿಯಲ್ಲಿ ಹೆಣ್ಣುಗಳು ಬೇರೆ ಇದ್ದಾರಾ? ಮತ್ತೆ ಈ ಉಪನ್ಯಾಸ ಐದು ಗಂಟೆಗೇ ಯಾಕೆ ಬರುತ್ತೆ, ಮೊದಲೇ ಆರ್ಡರ್ ಮಾಡೋಕಾಗಲ್ವಾ?"

ಅವನ ಭಾಷೆಯಲ್ಲಿ ಉಪನ್ಯಾಸ ಅಂದರೆ ನಾವೆಲ್. ಕಾದಂಬರಿ ಅಂದರೆ ಒಂದು ಪುಸ್ತಕದ ಹೆಸರು, ಇಲ್ಲವೇ ಹುಡುಗಿಯ ಹೆಸರು. ಅವನಿಗೆ ಪ್ರತಿ ಅಕ್ಷರವೂ ಸರಿಯಾಗಿ ಓದಲು ಬಂತು, ಪ್ರತಿ ಪದವೂ ಪರಿಚಯದ್ದೇ ಆಗಿತ್ತು, ಆದರೂ ವಾಕ್ಯ ಪೂರ್ತಿ ತಪ್ಪಾಗಿ ಅರ್ಥವಾಯಿತು. ಬರದ ಭಾಷೆಯಲ್ಲಿ ಏನೂ ತಿಳಿಯದಿದ್ದರೆ ಸರಿ. ಇದು ಅದಕ್ಕಿಂತ ಮಜಾ.

ನನ್ನ ಪ್ರಶ್ನೆ: ಬಾಣನ ಆ ಪುಸ್ತಕದ ನಾಯಕಿ ಕಾದಂಬರಿ ಎಂಬ ಒಬ್ಬ ಗಂಧರ್ವ ಕನ್ಯೆಯ ಹೆಸರು ನಮ್ಮಲ್ಲಿ ಒಂದು ಸಾಹಿತ್ಯ ಪ್ರಕಾರದ ಹೆಸರಾಗಿದ್ದು ಹೇಗೆ? ಹಿಂದಿಯವರು ಉಪನ್ಯಾಸ ಎನ್ನುವುದನ್ನು ನಾವು ಯಾಕೆ ಕಾಲೇಜಿನ ಕ್ಲಾಸಿಗೆ ಕಟ್ಟಿಹಾಕಿದೆವು?

ಗಡಿನಾಡ ಗೆಣೆಯ

ಇದು ನಮ್ಮ ಬೆಳಗಾವಿ ಕಡೆಯವರಿಗೆ ಹೊಸಾದಲ್ರೀ. ಕಾದಂಬರಿ ಮರಾಠಿಯೊಳಗೂ ನಾವೆಲ್ಲೇ. ಕನ್ನಡ ಮತ್ತ ಮರಾಠಿ, ಈ ಎರಡೂ ಭಾಷಾದಾಗ ಈ ಅರ್ಥ ಗಟ್ಟಿಯಾಗಿ ಕುಂತದ. ಮರಾಠಿಯ ಮೊದಲನೇ ಕಾದಂಬರಿ ಅಂತ ಹೇಳೂದು 1857ರ 'ಯಮುನಾ ಪರ್ಯಟನ'. ಬರದವರು ಬಾಬಾ ಪದ್ಮನಜಿ, ಅವರು ಹುಟ್ಟಿದ್ದು ನಮ್ಮ ಬೆಳಗಾವಿಯೊಳಗ. ಅಂದ್ರ ಈ ಪದದ ಅರ್ಧ ಸಂಸಾರ ಇಲ್ಲೇ ಗಡಿಯಾಗ ನಡದದ.

ಹಳೇ ಮುಂಬಯಿ ಪ್ರಾಂತದೊಳಗ ಧಾರವಾಡ, ಬೆಳಗಾವಿ, ವಿಜಾಪುರದ ಓದಿದ ಮಂದಿಗೆಲ್ಲ ಮರಾಠಿ ಬರ್ತಿತ್ತು. ಗಳಗನಾಥರನ್ನ ನೋಡ್ರಿ. ಹರಿ ನಾರಾಯಣ ಆಪಟೆ ಅವರ ಮರಾಠಿ ಕಾದಂಬರಿಗಳನ್ನ ಕನ್ನಡಕ್ಕ ತಂದವರು. ಪುಸ್ತಕದ ಗಂಟು ಹೊತಗೊಂಡು ಊರೂರು ತಿರಗಿ ಮಾರತಿದ್ರು ಅಂತ ನಮ್ಮಜ್ಜ ಹೇಳತಿದ್ದ. ಗಂಟಿನೊಳಗ ಕಥಿ ಬಂತು, ಕಥಿ ಜೋಡಿ ಪದಾನೂ ಬಂತು. ಅಷ್ಟ.

ಶುಕನಾಸ

ಬಳಕೆದಾರ ಹೆಸರು ನೋಡಿದರೇ ನಾನು ಯಾವ ಪಕ್ಷ ಅಂತ ಗೊತ್ತಾಗುತ್ತೆ (ಶುಕನಾಸ ಬಾಣನ 'ಕಾದಂಬರಿ'ಯ ಒಂದು ಪಾತ್ರ). ಮೂವತ್ತು ವರ್ಷ ಸಂಸ್ಕೃತ ಪಾಠ ಮಾಡಿದವನು, ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ.

ಬಾಣ ಏಳನೇ ಶತಮಾನದವನು, ಕನೌಜಿನ ಹರ್ಷವರ್ಧನನ ಆಸ್ಥಾನದಲ್ಲಿದ್ದವನು. (ಕಾನ್ಪುರದ ಹುಡುಗನಿಗೆ ಹೇಳಿ, ಕನೌಜು ಅವನ ಊರಿನ ಪಕ್ಕದಲ್ಲೇ ಇದೆ. ಅವನು ಕೇಳಿದ್ದು ತನ್ನ ಮನೆಯ ಮಾತು.) ಬಾಣನದು ಎರಡು ದೊಡ್ಡ ಗದ್ಯಕೃತಿ. 'ಹರ್ಷಚರಿತ' ನಡೆದ ಸಂಗತಿ ಆಧರಿಸಿದ್ದು, ಅದನ್ನು ಆಖ್ಯಾಯಿಕೆ ಅನ್ನುತ್ತಿದ್ದರು. 'ಕಾದಂಬರಿ' ಕಲ್ಪಿಸಿದ್ದು, ಅದು ಕಥೆ. ಹಳೆಯ ಸಂಸ್ಕೃತ ನಿಘಂಟು ಅಮರಕೋಶ ಈ ಗೆರೆಯನ್ನು ಸ್ಪಷ್ಟವಾಗಿ ಎಳೆದಿದೆ, ಕಾವ್ಯಶಾಸ್ತ್ರ ಬರೆದ ದಂಡಿ "ಹೆಸರು ಎರಡು, ಜಾತಿ ಒಂದೇ" ಅಂತ ಆ ಗೆರೆಯನ್ನು ಅಳಿಸಿಯೂ ಬಿಟ್ಟಿದ್ದಾನೆ. ಅಂದರೆ ಕಲ್ಪಿತ ಗದ್ಯಕ್ಕೆ ಒಂದು ಜಾತಿಯ ಹೆಸರು ಆಗಲೇ ಇತ್ತು. 'ಕಥೆ' ಅಂತ. ಆ ಪದವನ್ನು ಜನ ಅಡುಗೆಮನೆಯಿಂದ ಅರಳೀಕಟ್ಟೆಯವರೆಗೆ ಎಲ್ಲದಕ್ಕೂ ಬಳಸಿ ಸವೆಸಿಬಿಟ್ಟರು. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲಿಷಿನ ಉದ್ದನೆಯ ಗದ್ಯಕಥೆ ಬಂದಾಗ ಅದನ್ನು ಬರೀ 'ಕಥೆ' ಅನ್ನಲು ಯಾರಿಗೂ ಮನಸ್ಸು ಬಂದಿರಲಾರದು. ತೂಕದ ಹೆಸರು ಬೇಕಿತ್ತು. ಉದ್ದ, ಗದ್ಯ, ಕಲ್ಪಿತ, ಪ್ರೇಮ: ಈ ನಾಲ್ಕಕ್ಕೂ ನಮ್ಮವರಿಗೆ ಗೊತ್ತಿದ್ದ ದೊಡ್ಡ ಮಾದರಿ ಒಂದೇ.

ಇನ್ನು ಈ ಪದದ ಹಳೆಯ ಅರ್ಥ. ಕಾದಂಬರೀ ಅಂದರೆ ಕದಂಬದ ಹೂವಿನಿಂದ ಇಳಿಸಿದ ಮದ್ಯ! ಹೆಣ್ಣು ಕೋಗಿಲೆ ಅಂತಲೂ ಅರ್ಥವಿದೆ, ಆದರೆ ಮದ್ಯವೇ ಪ್ರಸಿದ್ಧ. ಬಾಣ ಕೃತಿ ಮುಗಿಸದೆ ತೀರಿಕೊಂಡ. ಉತ್ತರಭಾಗ ಅವನ ಮಗನದು. ಆ ಮಗ ತನ್ನ ಪೀಠಿಕೆಯಲ್ಲಿ ಇದೇ ಶ್ಲೇಷೆ ಹಿಡಿದು, ಕಾದಂಬರಿಯ ರಸ ಕುಡಿದು ಜನ ಮತ್ತರಾಗಿ ಮೈಮರೆತಿದ್ದಾರೆ ಅನ್ನುತ್ತಾನೆ. ಅಪ್ಪನ ಜೊತೆಯಲ್ಲೇ ಕಥೆಯೂ ನಿಂತುಹೋಯಿತಲ್ಲ ಎಂದು ಸಜ್ಜನರು ದುಃಖಪಡುವುದನ್ನು ನೋಡಿ ಬರೆದೆ, ಕವಿ ಎಂಬ ಹೆಮ್ಮೆಯಿಂದಲ್ಲ ಎಂದೂ ಹೇಳುತ್ತಾನೆ. ನನಗೆ ಪಾಠ ಮಾಡುವಾಗ ಪ್ರತಿ ಸಲ ಗಂಟಲು ಕಟ್ಟುತ್ತಿದ್ದ ಶ್ಲೋಕ ಅದು.

ಮೂಡುಬಿದ್ರೆ ಮಾಣಿ

ಹೆಂಡದ ಹೆಸರು ಹುಡುಗಿಗೆ, ಹುಡುಗಿಯ ಹೆಸರು ಪುಸ್ತಕಕ್ಕೆ, ಪುಸ್ತಕದ ಹೆಸರು ಕಪಾಟಿಗೆ. ಲಾಯಿಕ್ ಉಂಟು ಮಾರಾಯ್ರೆ.

ಎರಡನೇ ಪುಲಕೇಶಿ

ಹರ್ಷನ ಸೈನ್ಯವನ್ನು ನರ್ಮದೆಯಲ್ಲಿ ತಡೆದ ನಮ್ಮ ಪುಲಕೇಶಿಗೆ ಅವನ ಆಸ್ಥಾನದ ಈ ಹುಡುಗಿಯನ್ನು ಮಾತ್ರ ತಡೆಯಲಾಗಲಿಲ್ಲ ನೋಡಿ. ಐಹೊಳೆ ಶಾಸನದಲ್ಲಿ ರವಿಕೀರ್ತಿ ಇದನ್ನೇ ಬರೆಯದೆ ಬಿಟ್ಟ.

ಕತ್ರಿಗುಪ್ಪೆ ಓದುಗ

@ಎರಡನೇ ಪುಲಕೇಶಿ ಕಾಫಿ ಮೂಗಿಗೆ ಬಂತು ಸಾರ್.

@ಶುಕನಾಸ ಒಂದು ಅನುಮಾನ. ನಮಗೆ ಬಾಣನ ಕಾದಂಬರಿ ಗೊತ್ತಿದ್ದದ್ದು ಮುಖ್ಯವಾಗಿ ನಾಗವರ್ಮನ 'ಕರ್ಣಾಟಕ ಕಾದಂಬರಿ'ಯಿಂದ ಅಲ್ಲವೇ? ಅದು ಹತ್ತನೇ ಶತಮಾನದ ಕೊನೆಯದು, ಮತ್ತೆ ಅದು ಚಂಪು, ಅಂದರೆ ಗದ್ಯ ಪದ್ಯ ಬೆರೆಸಿದ್ದು. ಅಂದರೆ ಸುಮಾರು ಒಂಬೈನೂರು ವರ್ಷ ಕನ್ನಡದ ಓದುಗನಿಗೆ 'ಕಾದಂಬರಿ' ಅಂದಾಗ ಕಿವಿಯಲ್ಲಿ ಕಂದ, ವೃತ್ತಗಳು ಗುಂಯ್ ಅನ್ನುತ್ತಿರಬೇಕು. ಹಾಗಿರುವಾಗ ಶುದ್ಧ ಗದ್ಯದ ಪ್ರಕಾರಕ್ಕೆ ಆ ಹೆಸರು ನಮ್ಮವರಿಗೇ ಹೊಳೆಯುವುದು ಕಷ್ಟ. ಮರಾಠಿಯಲ್ಲಿ ಇಂಥ ಹಳೆಯ ಚಂಪುವಿನ ಹೊರೆ ಇರಲಿಲ್ಲ. ಹಾಗಾಗಿ ಗೆಣೆಯರು ಹೇಳಿದ ದಾರಿಯೇ ನನಗೆ ಸರಿ ಕಾಣುತ್ತಿದೆ. ನಾಗವರ್ಮ ಕೊಟ್ಟ ಕಾದಂಬರಿ ಬೇರೆ, ಮರಾಠಿ ಕೊಟ್ಟ ಕಾದಂಬರಿ ಬೇರೆ. ಕಾಗುಣಿತ ಒಂದೇ ಆದ್ದರಿಂದ ನಾವು ಒಂದೇ ಪದ ಅಂದುಕೊಂಡಿದ್ದೇವೆ.

ಶುಕನಾಸ

ಒಳ್ಳೆಯ ಏಟು. ಪೂರ್ತಿ ಒಪ್ಪುವುದಿಲ್ಲ, ಆದರೆ ಮುಕ್ಕಾಲು ಒಪ್ಪಿದೆ. ಉಳಿದ ಕಾಲುಭಾಗ ತುರಮರಿಯವರಿಗೆ. ಬೆಳಗಾವಿ ಸೀಮೆಯ ಗಂಗಾಧರ ಮಡಿವಾಳೇಶ್ವರ ತುರಮರಿ ಹತ್ತೊಂಬತ್ತನೇ ಶತಮಾನದಲ್ಲೇ ಬಾಣನ ಕಾದಂಬರಿಯನ್ನು ಹೊಸಗನ್ನಡ ಗದ್ಯಕ್ಕೆ ತಂದರು. ಗದ್ಯದ ಕಾದಂಬರಿ ಕನ್ನಡ ಕಣ್ಣಿಗೂ ಬಿದ್ದಿತ್ತು ಅಂತಾಯಿತು. ಆದರೂ ಅದು ಮತ್ತೆ ಬೆಳಗಾವಿಯೇ, ನೋಡಿ.

ಗಡಿನಾಡ ಗೆಣೆಯ

ಹೇಳಿದ್ನಲ್ರೀ!

ಚೆನ್ನೈ ಕನ್ನಡತಿ

ಉಪನ್ಯಾಸದ ಕಥೆ ಇನ್ನೂ ಗೊಂದಲದ್ದು. ನಾನು ಮೈಲಾಪುರದಲ್ಲಿದ್ದೇನೆ. ಇಲ್ಲಿ ಉಪನ್ಯಾಸಂ ಅಂದರೆ ಸಂಜೆ ದೇವಸ್ಥಾನದಲ್ಲೋ ಸಭಾದಲ್ಲೋ ರಾಮಾಯಣ, ಭಾಗವತದ ಮೇಲೆ ಮಾಡುವ ಪ್ರವಚನ. ಕಾಲೇಜಿನವರನ್ನು ಯಾರೂ ಉಪನ್ಯಾಸಕ ಅನ್ನಲ್ಲ. ನನ್ನ ತಂಗಿ ಪಿಯು ಕಾಲೇಜಿನಲ್ಲಿ ಉಪನ್ಯಾಸಕಿ ಅಂತ ಪಕ್ಕದ ಮನೆ ಮಾಮಿಗೆ ಹೇಳಿದ್ದೇ ತಡ, "ಯಾವ ಪುರಾಣ ಹೇಳ್ತಾಳೆ?" ಅಂತ ಕೇಳಿದರು. ಅವಳು ಹೇಳೋದು ಕೆಮಿಸ್ಟ್ರಿ.

ನಾವೆಲಿಗೆ ತಮಿಳಿನಲ್ಲಿ ಪುದಿನಂ ಅನ್ನೋ ಪದ ಇದೆ, ಹೊಸದು ಅನ್ನೋ ಅರ್ಥದಿಂದ ಬಂದದ್ದು. ಮಾತಿನಲ್ಲಿ ಎಲ್ಲರೂ ಹೇಳೋದು ನಾವಲ್. ಅದೇ ಅಕ್ಷರಗಳಿಗೆ ನೇರಳೆಹಣ್ಣು ಅಂತಲೂ ಅರ್ಥ! ಬಂದ ಹೊಸದರಲ್ಲಿ ತಳ್ಳುಗಾಡಿಯವನ "ನಾವಲ್" ಬೋರ್ಡು ನೋಡಿ ಹಳೇ ಪುಸ್ತಕ ಅಂತ ರಸ್ತೆ ದಾಟಿ ಹೋಗಿದ್ದೆ. ಒಂದು ಕಿಲೋ ತಂದೆ.

ಕಾಸರಗೋಡು ಕಲ್ಲುಸಕ್ಕರೆ

ಮಲಯಾಳದಲ್ಲಿ ಉಪನ್ಯಾಸಂ ಅಂದ್ರೆ ಪ್ರಬಂಧ. ಶಾಲೆಯಲ್ಲಿ ಮಕ್ಕಳಿಗೆ 'ಉಪನ್ಯಾಸ ಸ್ಪರ್ಧೆ' ಇದ್ದರೆ ಅವರು ಕೂತು ಬರೀತಾರೆ, ನಿಂತು ಮಾತಾಡುವುದಲ್ಲ. ನಮ್ಮ ಕನ್ನಡ ಮಾಧ್ಯಮದ ಹುಡುಗ ಒಬ್ಬ ಭಾಷಣ ಬಾಯಿಪಾಠ ಮಾಡಿ ಹೋಗಿ ಎದುರು ಖಾಲಿ ಹಾಳೆ ಇಟ್ಟದ್ದು ನೋಡಿ ಅತ್ತದ್ದುಂಟು. (ಆ ಹುಡುಗ ಯಾರು ಅಂತ ಕೇಳ್ಬೇಡಿ.) ನಾವೆಲಿಗೆ ಅವರು ತಲೆ ಕೆಡಿಸಿಕೊಳ್ಳಲೇ ಇಲ್ಲ, ನೋವಲ್ ಅಂತ ಇಟ್ಟುಕೊಂಡರು. 1889ರ 'ಇಂದುಲೇಖಾ'ದಿಂದ ಇವತ್ತಿನವರೆಗೆ ಅದೇ.

ಶುಕನಾಸ

ಒಂದೇ ಪದ: ಬಂಗಾಳಿ, ಒಡಿಯಾ, ಅಸ್ಸಾಮಿ, ಹಿಂದಿ, ನೇಪಾಳಿಯಲ್ಲಿ ನಾವೆಲ್. ಕನ್ನಡ, ತೆಲುಗಿನಲ್ಲಿ ಭಾಷಣ. ತಮಿಳಿನಲ್ಲಿ ಪ್ರವಚನ. ಮಲಯಾಳದಲ್ಲಿ ಪ್ರಬಂಧ. ಸಂಸ್ಕೃತದಲ್ಲಿ ಇದರ ಮೂಲ ಸಾದಾ: ಉಪ, ನಿ, ಅಸ್. ಹತ್ತಿರ ತಂದು ಇಡುವುದು. ಮಾತೊಂದನ್ನು ಎದುರಿಗಿಡುವುದು, ಪ್ರಸ್ತಾಪ. ನಾಟ್ಯಶಾಸ್ತ್ರದಲ್ಲಿ ಪ್ರತಿಮುಖ ಸಂಧಿಯ (ನಾಟಕದ ಕಥೆಯ ಒಂದು ಘಟ್ಟ) ಒಂದು ಅಂಗಕ್ಕೂ ಇದೇ ಹೆಸರು. ಸಭೆಯ ಮುಂದೆ ವಿಚಾರ ಇಟ್ಟರೆ ನಮ್ಮ ಉಪನ್ಯಾಸ, ಕಾಗದದ ಮೇಲೆ ಇಟ್ಟರೆ ಮಲಯಾಳದ್ದು. ದಕ್ಷಿಣದವರು ಮೂಲಕ್ಕೆ ಹತ್ತಿರವೇ ಇದ್ದೇವೆ. ದೂರ ಹಾರಿದ್ದು ಬಂಗಾಳ.

ಇನ್ನೊಂದು ತಮಾಷೆ. ಇವತ್ತು ಸಂಸ್ಕೃತದಲ್ಲೇ ನಾವೆಲ್ ಬರೆದರೆ ಅದನ್ನು ಉಪನ್ಯಾಸ ಎನ್ನುತ್ತಾರೆ. ಅಂಬಿಕಾದತ್ತ ವ್ಯಾಸರ 'ಶಿವರಾಜವಿಜಯ'ವನ್ನು ಸಂಸ್ಕೃತದ ಮೊದಲ ಉಪನ್ಯಾಸ ಎನ್ನುವುದು ರೂಢಿ. ಬಾಣನ ಭಾಷೆ ತನ್ನ ಕೂಸಿನ ಹೆಸರು ಬಿಟ್ಟು, ಮೊಮ್ಮಕ್ಕಳು ತಿದ್ದಿದ ಅರ್ಥವನ್ನು ವಾಪಸ್ ಸಾಲ ತಂದಿದೆ.

ಕತ್ರಿಗುಪ್ಪೆ ಓದುಗ

ಇಲ್ಲೇ ನನಗೆ ಅಸಲು ವಿಷಯ ಸಿಕ್ಕಿತು ಅನಿಸುತ್ತಿದೆ. ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತು ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದರು. ಬಂಕಿಮರ 'ದುರ್ಗೇಶನಂದಿನಿ' 1865ರದು, ಬಂಗಾಳಿಯಲ್ಲಿ ಅದು ಉಪನ್ಯಾಸ. ವೆಂಕಟಾಚಾರ್ಯರ ಅನುವಾದಗಳನ್ನು ಹಳೇ ಮೈಸೂರಿನಲ್ಲಿ ಮುಗಿಬಿದ್ದು ಓದಿದರು. ಕಥೆ ಬಂತು, ವೀರರು ಬಂದರು, ಕೋಟೆ, ಕತ್ತಿ, ಕುದುರೆ ಎಲ್ಲ ಬಂತು. 'ಉಪನ್ಯಾಸ' ಎಂಬ ಪದ ಮಾತ್ರ ಆ ಅರ್ಥದಲ್ಲಿ ಇಲ್ಲಿ ಬೇರು ಬಿಡಲಿಲ್ಲ. ಯಾಕೆ? ಆ ಕುರ್ಚಿಯಲ್ಲಿ ಆಗಲೇ ಭಾಷಣಕಾರರು ಕೂತಿದ್ದರು!

ಪದ ಸಾಲ ತರುವುದನ್ನು ನಾವು ಯಾವಾಗಲೂ "ಯಾರು ಕೊಟ್ಟರು" ಅಂತ ನೋಡುತ್ತೇವೆ. ತರುವ ಮನೆಯಲ್ಲಿ ಯಾವ ಕೋಣೆ ಖಾಲಿ ಇತ್ತು ಅನ್ನುವುದೇ ದೊಡ್ಡದು ಅಂತ ನನ್ನ ವಾದ. ಕನ್ನಡದಲ್ಲಿ ಉಪನ್ಯಾಸ ತುಂಬಿತ್ತು. ಕಾದಂಬರಿ ಎಂಬ ಕೋಣೆಯಲ್ಲಿ ಒಬ್ಬಳೇ ಹುಡುಗಿ ಇದ್ದಳು, ಅವಳೂ ಪಂಡಿತರ ಮನೆಯ ಒಳಗೆ. ಅವಳನ್ನು ಎಬ್ಬಿಸುವುದು ಸುಲಭವಾಯಿತು.

ಬಳ್ಳಾರಿ ಬಿಸಿಲು

ತೆಲುಗಿನಲ್ಲೂ ನಿಮ್ಮ ಕೋಣೆ ಲೆಕ್ಕ ಕೂಡುತ್ತೆ. ಉಪನ್ಯಾಸಂ ಅಲ್ಲೂ ಭಾಷಣಕ್ಕೆ ಹೋಗಿತ್ತು. ಕಂದುಕೂರಿ ವೀರೇಶಲಿಂಗಂ 1878ರಲ್ಲಿ 'ರಾಜಶೇಖರ ಚರಿತ್ರಮು' ಬರೆದಾಗ ಅದನ್ನು ಕರೆದಿದ್ದು 'ವಚನ ಪ್ರಬಂಧಂ' ಅಂತ. ಈಗ ಈ ಎರಡು ಪದ ಒಬ್ಬ ಕನ್ನಡಿಗನ ಮುಂದೆ ಇಡಿ. ವಚನ ಅಂದ್ರೆ ಬಸವಣ್ಣ, ಪ್ರಬಂಧ ಅಂದ್ರೆ ಶಾಲೆಯಲ್ಲಿ ಬರೆದ 'ನನ್ನ ನೆಚ್ಚಿನ ಹಬ್ಬ'. ಎರಡೂ ಕೂಡಿಸಿದರೆ 'ಬಸವಣ್ಣನವರ ವಚನಗಳ ಮೇಲೆ ಪ್ರಬಂಧ ಬರೆಯಿರಿ, ಅಂಕ 10'. ತೆಲುಗಿನವರಿಗೆ ವಚನ ಅಂದ್ರೆ ಗದ್ಯ, ಪ್ರಬಂಧ ಅಂದ್ರೆ ಕೃಷ್ಣದೇವರಾಯನ ಕಾಲದ ಪೆದ್ದನ ಬರೆದಂಥ ಮಹಾಕಾವ್ಯ. ಕೂಡಿಸಿದರೆ ಗದ್ಯದ ಮಹಾಕಾವ್ಯ. ಎಂಥಾ ಗತ್ತು! ಆಮೇಲೆ ನವಲ ಬಂದು ಅದನ್ನು ಓಡಿಸಿತು. ಇಂಗ್ಲಿಷಿನ ನಾವೆಲ್ ಕೂಡ ಹೌದು, ಸಂಸ್ಕೃತದ 'ನವ' ಕೂಡ ಹೌದು ಅನ್ನೋ ಹಾಗೆ ಎರಡು ದೋಣಿಗೂ ಕಾಲಿಟ್ಟ ಪದ. ಗುಜರಾತಿಯ ನವಲಕಥಾ ಕೂಡ ಅದೇ ಜಾಣತನ.

ಶುಕನಾಸ

ಬಾಣನ ಮಗ ತನ್ನ ತಂದೆಯ ಕೃತಿಯನ್ನು ಕರೆದಿದ್ದು 'ಕಥಾಪ್ರಬಂಧ' ಅಂತ. ಕಂದುಕೂರಿಯವರ ಹೆಸರಿಡುವಿಕೆ ನಮ್ಮದಕ್ಕಿಂತ ಬಾಣನ ಮನೆಗೆ ಹತ್ತಿರ. ಒಪ್ಪಿಕೊಳ್ಳಲು ಹೊಟ್ಟೆ ಉರಿಯುತ್ತದೆ.

ಕೌಂಟರ್ ನಂ. 4

ಬ್ಯಾಂಕಿನವನು. ನಮ್ಮ ಮ್ಯಾನೇಜರ್ ಬಾಗಿಲ ಮೇಲೆ ಹಿಂದಿಯಲ್ಲಿ 'ಶಾಖಾ ಪ್ರಬಂಧಕ್' ಅಂತಿದೆ. ಚಳ್ಳಕೆರೆ ಕಡೆಯ ನಿವೃತ್ತ ಮೇಷ್ಟ್ರೊಬ್ಬರು, ಹಿಂದಿ ಅಕ್ಷರ ಬರುವವರು, ಅದನ್ನು ಓದಿ "ಸಾಲದ ಅರ್ಜಿ ಇಲ್ಲಿ ಪ್ರಬಂಧದ ಥರ ಬರೀಬೇಕೇನಪ್ಪ?" ಅಂದ್ರು. ಹಿಂದಿಯಲ್ಲಿ ಶಾಲೆಯ ಪ್ರಬಂಧಕ್ಕೆ ನಿಬಂಧ್ ಅಂತಾರೆ. ನಮ್ಮಲ್ಲಿ ನಿಬಂಧನೆ ಅಂದ್ರೆ ಸಾಲದ ಕಾಗದದ ಕೆಳಗಡೆ ಯಾರೂ ಓದದ ಸಣ್ಣಕ್ಷರ. ಪಿಎಚ್‌ಡಿ ಮಾಡುವ ನಮ್ಮ ಭಾವಮೈದನದು ಮಹಾಪ್ರಬಂಧ, ತಮಿಳಿನ ವೈಷ್ಣವ ಭಕ್ತಕವಿಗಳಾದ ಆಳ್ವಾರರದು ದಿವ್ಯಪ್ರಬಂಧ. ನಾಲ್ಕು ಸಾವಿರ ಪಾಶುರ ಹನ್ನೆರಡು ಜನ ಆಳ್ವಾರರು ಹಾಡಿ ಮುಗಿಸಿದರು. ಭಾವಮೈದ ಏಳು ವರ್ಷದಿಂದ ಎರಡನೇ ಅಧ್ಯಾಯದಲ್ಲಿದ್ದಾನೆ.

ಅಚ್ಚ ಮಾತು

ಇಷ್ಟೆಲ್ಲ ಸರ್ಕಸ್ ಯಾಕೆ? ಹೆಂಡವೋ ಹೆಣ್ಣೋ ಅಂತ ಅರ್ಥವೇ ಬಿಡದ ಸಂಸ್ಕೃತದ ಹೆಸರು ಬಿಟ್ಟು 'ನೀಳ್ಗತೆ' ಅಂದಿದ್ದರೆ ಮುಗಿಯುತ್ತಿತ್ತು. ಸಣ್ಣಕತೆ ಅಂತ ಅಚ್ಚಗನ್ನಡದಲ್ಲಿ ಎಷ್ಟು ಚೆನ್ನಾಗಿ ಕೂತಿದೆ.

ಕತ್ರಿಗುಪ್ಪೆ ಓದುಗ

ನೀಳ್ಗತೆ ಆಗಲೇ ಬಾಡಿಗೆಗೆ ಹೋಗಿದೆ, ಸಣ್ಣಕತೆಗಿಂತ ಉದ್ದ, ಕಾದಂಬರಿಗಿಂತ ಚಿಕ್ಕದು ಅಂತ. ಮತ್ತೆ ಕೋಣೆ ಲೆಕ್ಕ! ಒಂದು ಮಾತು ನಿಜ, ಸಣ್ಣಕತೆ ಅನ್ನುವುದು ಇಂಗ್ಲಿಷಿನ ಪದವನ್ನೇ ತುಂಡು ತುಂಡಾಗಿ ಕನ್ನಡಕ್ಕೆ ಇಳಿಸಿದ್ದು. ಅರ್ಥ ಮೇಲೆಯೇ ಕಾಣುತ್ತದೆ. ಕಾದಂಬರಿಯಲ್ಲಿ ಏನೂ ಕಾಣುವುದಿಲ್ಲ. ನನಗೆ ಅದೇ ಇಷ್ಟ. 'ಕಾದಂಬರಿ ಸಾರ್ವಭೌಮ' ಅಂದಾಗ ಅ.ನ.ಕೃ. ಕಾಣುತ್ತಾರೆ. 'ನೀಳ್ಗತೆಯ ಅರಸು' ಅಂದರೆ ಯಾರು ಕಾಣುತ್ತಾರೆ ಹೇಳಿ.

ಮೂಡುಬಿದ್ರೆ ಮಾಣಿ

ಕಾಣದಿದ್ದರೂ ನಡೆಯುತ್ತದೆ, ಇಂಗ್ಲಿಷಿನವರದೂ ಅದೇ ಪಾಡು. ಅವರ ಪಾಂಪ್ಲೆಟ್ ಉಂಟಲ್ಲ, ಕರಪತ್ರ, ಅದು ಪಾಂಫಿಲಸ್ ಎಂಬ ಹಳೆಯ ಲ್ಯಾಟಿನ್ ಪ್ರೇಮಕಾವ್ಯದ ಹೆಸರಿನಿಂದ ಬಂದದ್ದು. ಪ್ರೇಮಿಯ ಹೆಸರು ಈಗ ಚುನಾವಣೆ ಟೈಮಲ್ಲಿ ಗೇಟಿಗೆ ಸಿಕ್ಕಿಸುವ ಕಾಗದ. ನಮ್ಮ ಹುಡುಗಿಯ ಗತಿ ಎಷ್ಟೋ ವಾಸಿ.

ಮಂಗಳೂರಿನವನಾಗಿ ಒಂದು ಸೇರಿಸುತ್ತೇನೆ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನ್ನುವ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಲ್ಲಿ ನಮ್ಮೂರಿಂದಲೇ ಹೊರಬಂತು. ಅದರ ಪೂರ್ತಿ ಹೆಸರು 'ಇಂದಿರಾಬಾಯಿ ಅಥವಾ ಸದ್ಧರ್ಮ ವಿಜಯವು'. ಹುಡುಗಿಯ ಹೆಸರು ಎದುರಿಗೆ, ನೀತಿ ಹಿಂದೆ. ಆ ಕಾಲದ ಪುಸ್ತಕಗಳ ಹೆಸರೇ ನೋಡಿ: ಇಂದಿರೆ, ಇಂದುಲೇಖೆ, ದುರ್ಗೇಶನಂದಿನಿ, ವಾಗ್ದೇವಿ. ಎಲ್ಲಾ ನಾಯಕಿಯರೇ. ಹೀಗಿರುವಾಗ ಇಡೀ ಪ್ರಕಾರಕ್ಕೇ ಒಬ್ಬ ನಾಯಕಿಯ ಹೆಸರು ಹತ್ತಿಕೊಂಡದ್ದು ನನಗಂತೂ ವಿಚಿತ್ರ ಅನಿಸುವುದಿಲ್ಲ.

ಬಳ್ಳಾರಿ ಬಿಸಿಲು

ಇದು ನನಗೆ ಹೊಳೆದೇ ಇರಲಿಲ್ಲ. ಉಳಿದವರ ಬಾಣನ ತರ್ಕಕ್ಕಿಂತ ಇದೇ ಚೆನ್ನಾಗಿದೆ.

ಶುಕನಾಸ

ಆ ನಾಯಕಿ ಬಾಣನ ಪುಸ್ತಕದಲ್ಲಿ ಎಷ್ಟು ತಡವಾಗಿ ಬರುತ್ತಾಳೆ ಗೊತ್ತೇ? ಮೊದಲು ಶೂದ್ರಕನ ಸಭೆ, ಅಲ್ಲಿಗೆ ಗಿಳಿ ಬರಬೇಕು, ಗಿಳಿ ಜಾಬಾಲಿಯ ಆಶ್ರಮ ತಲುಪಬೇಕು, ಜಾಬಾಲಿ ಕಥೆ ತೆಗೆಯಬೇಕು, ಚಂದ್ರಾಪೀಡ ಹುಟ್ಟಿ, ಬೆಳೆದು, ಶುಕನಾಸನ ಉಪದೇಶ ಕೇಳಿ (ನನ್ನ ಹೆಸರಿಟ್ಟುಕೊಂಡ ಮಂತ್ರಿ), ದಿಗ್ವಿಜಯಕ್ಕೆ ಹೋಗಿ, ದಾರಿ ತಪ್ಪಿ, ಮಹಾಶ್ವೇತೆಯ ಕಣ್ಣೀರ ಕಥೆ ಪೂರ್ತಿ ಕೇಳಿಸಿಕೊಂಡು, ಆಮೇಲೆ ಕಾದಂಬರಿ. ತರಗತಿಯಲ್ಲಿ ಹುಡುಗರು ಕೇಳುತ್ತಿದ್ದರು, ಸಾರ್, ಈ ವರ್ಷ ಬರುತ್ತಾಳಾ?

ಗಡಿನಾಡ ಗೆಣೆಯ

ಧಾರಾವಾಹಿಗಿಂತ ಕಡಿ ಆತು.

ಚೆನ್ನೈ ಕನ್ನಡತಿ

ಒಂದು ಗಮನಿಸಿದ್ದು. ನಾವು ಬೈಯುವಾಗ ಎಲ್ಲ ಸಾಹಿತ್ಯ ಪ್ರಕಾರಗಳನ್ನೂ ಬೀದಿಗೆ ಎಳೀತೀವಿ. ಕಥೆ ಕಟ್ಟಬೇಡ. ಪುರಾಣ ಸಾಕು. ನಾಟಕ ಆಡಬೇಡ. ರಾಮಾಯಣ ಮಾಡಿದಳು. ಅವನದೇ ಒಂದು ಹರಿಕಥೆ. ಕಾದಂಬರಿಗೆ ಮಾತ್ರ ಹಾಗೊಂದು ಬೈಗುಳ ಇಲ್ಲ, ಅಲ್ವಾ? ನೂರೈವತ್ತು ವರ್ಷದ ಹತ್ತಿರ ಬಂದರೂ ಅದಿನ್ನೂ ಚಪ್ಪಲಿ ಹೊರಗೆ ಬಿಟ್ಟು ಕೂತ ನೆಂಟರ ಥರ.

ಕೌಂಟರ್ ನಂ. 4

ನಮ್ಮ ಮನೇಲಿ ಇದೆ. ಅಮ್ಮ ಫೋನಲ್ಲಿ ಚಿಕ್ಕಮ್ಮನ ಹತ್ರ ಮಾತಾಡಿ ಇಟ್ಟ ಮೇಲೆ ಅಪ್ಪ ಕೇಳೋದು, "ಎಷ್ಟನೇ ಭಾಗ ಮುಗೀತು ಕಾದಂಬರಿ?"

ಕತ್ರಿಗುಪ್ಪೆ ಓದುಗ

ಅಪ್‌ಡೇಟ್. ಕಾನ್ಪುರದವನಿಗೆ ಈ ಚರ್ಚೆಯ ಸಾರ ಹೇಳಿದೆ. ಮದ್ಯದ ಅರ್ಥ ಕೇಳಿ ಖುಷಿಪಟ್ಟ. ಕನೌಜು ಪಕ್ಕದ್ದೇ ಅಂದಾಗ "ಹಾಗಾದರೆ ಪದ ನಮ್ಮದು, ನೀವು ಬಾಡಿಗೆದಾರರು" ಅಂದ. ಉಪನ್ಯಾಸ ಅನ್ನುವುದನ್ನು ನೀವು ಬಂಗಾಳದಿಂದ ತಂದು ನಿಮ್ಮದೇ ಅಂತ ಕೂತಿಲ್ಲವಾ ಅಂತ ಕೇಳಿದೆ. ಸುಮ್ಮನಾದ. ಆ ಶನಿವಾರದ ಉಪನ್ಯಾಸಕ್ಕೂ ಕರೆದುಕೊಂಡು ಹೋಗಿದ್ದೆ ಅನ್ನೋದು ಹೇಳಲಿಲ್ಲ ಅಲ್ವಾ? ಒಂದೂವರೆ ಗಂಟೆ ಕೂತ. ಹೊರಗೆ ಬಂದು "ಈ ಉಪನ್ಯಾಸಕ್ಕೆ ಪ್ಲಾಟೇ ಇರಲಿಲ್ಲ" ಅಂದ.

ಕಾದಂಬರಿ, ಸೊಲ್ಲಾಪುರ

ತಿಂಗಳುಗಟ್ಟಲೆ ಈ ವೇದಿಕೆ ಓದ್ತೀನಿ, ಬರೆಯೋದು ಇದೇ ಮೊದಲು. ಬರೀಲೇಬೇಕಾಯ್ತು, ಯಾಕಂದ್ರೆ ಇದು ನನ್ನ ನಿಜವಾದ ಹೆಸರು. ಮನೆಮಾತು ಕನ್ನಡ, ಓದಿದ್ದು ಮರಾಠಿ. ಎರಡೂ ಕಡೆ ಶಾಲೆಯಲ್ಲಿ ಒಂದೇ ಪ್ರಶ್ನೆ: "ಎಷ್ಟು ಪುಟ?" ಮದುವೆ ಆದಾಗ "ಎರಡನೇ ಮುದ್ರಣ ಯಾವಾಗ?" ನೌಕರಿಗೆ ಕೋಲ್ಕತ್ತಾಗೆ ಹೋದೆ, ಅಲ್ಲಿ ಯಾರೂ ನಗಲಿಲ್ಲ. ಎಲ್ಲರೂ ಸ್ವಲ್ಪ ಮೆಲ್ಲಗೆ ಮಾತಾಡಿದರು. ಅವರಿಗೆ ಕಾದಂಬರಿ ಅಂದ ತಕ್ಷಣ ಟ್ಯಾಗೋರರ ಅತ್ತಿಗೆ ಕಾದಂಬರಿ ದೇವಿ ನೆನಪಾಗ್ತಾರೆ, 1884ರಲ್ಲಿ ಎಳೆ ವಯಸ್ಸಿಗೇ ತೀರಿಕೊಂಡವರು. ಮೂರು ಊರಲ್ಲಿ ನಾನು ಪುಸ್ತಕ, ಒಂದೂರಲ್ಲಿ ಮಾತ್ರ ಮನುಷ್ಯಳು.

ಹೆಸರಿಟ್ಟಿದ್ದು ಅಜ್ಜಿ. ಒಂದು ತೊಟ್ಟೂ ಮುಟ್ಟದ ಮಡಿ ಹೆಂಗಸು, ಈಗ ತೊಂಬತ್ತೊಂದು. ಕದಂಬದ ಹೂವಿನ ವಿಷಯ ಅವರಿಗೆ ಅರ್ಧ ಮಾತ್ರ ಹೇಳಿದ್ದೀನಿ.